ಬೇರ್‌ಸ್ಕೊಟ್ ಮೈದಾನ ಮತ್ತು ಬೆಳಗಾವಿಯ ಓಟಗಾರ

ಬೆಳಗಾವಿ ಜಿಲ್ಲೆಯ ಆಟೋಟಗಳ ಚರಿತ್ರೆ ಬರೆಯಲು ಕೂತವರು ಮೊದಲ ಪುಟದಲ್ಲಿ ಯಾವ ದಿನವನ್ನು ಹಾಕಬೇಕು? ನನ್ನನ್ನು ಕೇಳಿದರೆ 1920ರ ಆಗಸ್ಟ್ 22, ಭಾನುವಾರ. ಅಂದು ಬೆಲ್ಜಿಯಂ ದೇಶದ ಬಂದರು ನಗರ ಆಂಟ್ವರ್ಪ್‌ನಲ್ಲಿ ಮಳೆ. ಒಲಿಂಪಿಕ್ ಮ್ಯಾರಥಾನ್ ಓಡಲು 48 ಮಂದಿ ಗೆರೆಯ ಮೇಲೆ ನಿಂತಿದ್ದರು. ಅವರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆ ಸಲದ ಮ್ಯಾರಥಾನ್ 42.75 ಕಿಲೋಮೀಟರ್. ಬೈಲಹೊಂಗಲದಿಂದ ಹೊರಟರೆ ಹೆಚ್ಚುಕಡಿಮೆ ಬೆಳಗಾವಿ ಮುಟ್ಟುವಷ್ಟು ದೂರ. ಅಷ್ಟು ಉದ್ದದ ಮ್ಯಾರಥಾನ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲೂ ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಟ ಮುಗಿಸಿ 19ನೆಯವರಾಗಿ ಬಂದರು.

ಆ ಓಟ ಶುರುವಾದದ್ದು, ಮುಗಿದದ್ದು ಎರಡೂ ಒಂದೇ ಮೈದಾನದಲ್ಲಿ. ಆ ಮೈದಾನ ಒಂದು ಫುಟ್‌ಬಾಲ್ ಕ್ಲಬ್ಬಿನದು. ಕ್ಲಬ್ಬಿನ ಹೆಸರು ಬೇರ್‌ಸ್ಕೊಟ್. 1899ರಲ್ಲಿ ಹುಟ್ಟಿ, ಏಳು ಸಲ ಬೆಲ್ಜಿಯಂ ಚಾಂಪಿಯನ್ ಆಗಿ, ಸರಿಯಾಗಿ ನೂರು ವರ್ಷಕ್ಕೆ, 1999ರಲ್ಲಿ, ಆ ಕ್ಲಬ್ಬು ವಿಸರ್ಜನೆಯಾಯಿತು. ಸಾವಿರಾರು ಮೈಲಿ ದೂರದ, ಈಗ ಇಲ್ಲದ ಒಂದು ಕ್ಲಬ್ಬಿನ ಕಥೆ ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರಿಗೆ ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಜಿಲ್ಲೆಯ ಒಬ್ಬ ಓಟಗಾರನ ಹೆಜ್ಜೆ ಆ ಮಣ್ಣಿನ ಮೇಲೆ ಬಿದ್ದಿದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಸತ್ತ ಕ್ಲಬ್ಬಿನ ಕಥೆ ಇಷ್ಟು ಸ್ಪಷ್ಟವಾಗಿ ನಮಗೆ ಸಿಗುವುದು ಹೇಗೆ, ನಮ್ಮೂರಿನ ಗರಡಿಗಳ ಕಥೆ ಸಿಗದೆ ಹೋಗುವುದು ಏಕೆ ಎಂಬುದು.

ಮೊದಲು ಚೌಗುಲೆಯವರು ಅಲ್ಲಿಗೆ ಹೋದ ದಾರಿ. ಆಗ ಬೆಳಗಾವಿ ಮುಂಬೈ ಪ್ರಾಂತದ ಒಂದು ಜಿಲ್ಲೆ. ಬೈಲಹೊಂಗಲ ಇದ್ದದ್ದು ಸಂಪಗಾಂವ ತಾಲ್ಲೂಕಿನಲ್ಲಿ, ಸವದತ್ತಿ ಇದ್ದದ್ದು ಪರಸಗಡ ತಾಲ್ಲೂಕಿನಲ್ಲಿ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಈ ಸೀಮೆಯ ಓಟಗಾರರಿಗೂ ಪೈಲ್ವಾನರಿಗೂ ದೊಡ್ಡ ಹೆಸರು ಮಾಡಬೇಕೆಂದರೆ ಕೊಲ್ಲಾಪುರ, ಪುಣೆ, ಮುಂಬೈಗಳೇ ದಾರಿ. ಪುಣೆಯಲ್ಲಿ 1906ರಲ್ಲಿ ಹುಟ್ಟಿದ ಡೆಕ್ಕನ್ ಜಿಮ್‌ಖಾನಾ ಇತ್ತು. ಅದರ ಅಧ್ಯಕ್ಷರಾಗಿದ್ದವರು ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಟಾಟಾ. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟವನ್ನು ನೋಡಿ ಟಾಟಾ ಬೆರಗಾದರು. ಓಡಲು ಬಂದವರು ಹೊಲದಲ್ಲಿ ದುಡಿಯುವ ರೈತಾಪಿ ಹುಡುಗರು. ಯುರೋಪಿನ ನಿಯಮ, ತರಬೇತಿ ಯಾವುದೂ ಅವರಿಗೆ ಗೊತ್ತಿಲ್ಲ. ಪುಣೆಯ ರಸ್ತೆಯ ಮೇಲೆ ಬರಿಗಾಲಲ್ಲಿ ಮೈಲಿಗಟ್ಟಲೆ ಓಡಿದರು. ಅವರ ಸಮಯವನ್ನು ತಾಳೆ ಹಾಕಿದರೆ ಯುರೋಪಿನ ಓಟಗಾರರಿಗೆ ಹತ್ತಿರವೇ ಇತ್ತು. ಬಹುಮಾನ ಹಂಚಲು ಬಂದಿದ್ದ ಮುಂಬೈ ಗವರ್ನರ್ ಲಾಯ್ಡ್ ಅವರ ಮುಂದೆ ಟಾಟಾ ಅಲ್ಲೇ ಮಾತೆತ್ತಿದರು: ಇವರನ್ನು ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಕಳಿಸಬಹುದಲ್ಲ?

ಈ ಸಂಗತಿಗಳನ್ನು ಟಾಟಾ 1929ರಲ್ಲಿ ಒಂದು ಪತ್ರದಲ್ಲಿ ಬರೆದಿಟ್ಟರು. ಪತ್ರ ಯಾರಿಗೆ ಎಂಬುದನ್ನು ಗಮನಿಸಿ: ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ, ಬೆಲ್ಜಿಯಂನ ಹೆನ್ರಿ ದ ಬಯೆ-ಲಾತೂರ್ ಅವರಿಗೆ. 1920ರ ಆಂಟ್ವರ್ಪ್ ಕೂಟವನ್ನು ನಡೆಸಿಕೊಟ್ಟ ಸಂಘಟಕ ಅವರೇ. ಭಾರತ ಒಲಿಂಪಿಕ್ ಅಂಗಳಕ್ಕೆ ಹೇಗೆ ಬಂತು ಎಂಬ ಕಥೆಗೆ ಇವತ್ತಿಗೂ ಆಧಾರ ಆ ಒಂದು ಪತ್ರ. ಒಬ್ಬರು ಕುಳಿತು ಬರೆದರು, ಇನ್ನೊಬ್ಬರು ಅದನ್ನು ಜೋಪಾನ ಮಾಡಿದರು. ಇಲ್ಲದಿದ್ದರೆ ಆ ರೈತಾಪಿ ಹುಡುಗರ ಬರಿಗಾಲಿನ ಓಟ ಪುಣೆಯ ಧೂಳಿನಲ್ಲೇ ಮುಗಿದುಹೋಗುತ್ತಿತ್ತು.

ಕೊನೆಗೆ ಆರು ಜನರ ತಂಡ ಆಯ್ಕೆಯಾಯಿತು. ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಎಚ್.ಡಿ. ಕೈಕಿಣಿ, ಸಾತಾರೆಯ ಸದಾಶಿವ ದಾತಾರ, ಬಂಗಾಳದ ಪೂರ್ಮಾ ಬ್ಯಾನರ್ಜಿ, ಮುಂಬೈಯ ಕುಸ್ತಿಪಟುಗಳಾದ ಕುಮಾರ ನವಲೆ ಮತ್ತು ರಣಧೀರ ಶಿಂದೆ. ಇಡೀ ಭಾರತದ ಆರು ಮಂದಿಯಲ್ಲಿ ಇಬ್ಬರು ಬೆಳಗಾವಿ-ಹುಬ್ಬಳ್ಳಿ ಭಾಗದವರು! ಶಿಂದೆಯವರು ಕುಸ್ತಿಯಲ್ಲಿ ನಾಲ್ಕನೆಯವರಾಗಿ, ಒಂದು ಜೋಡಿ ಅಂತರದಲ್ಲಿ ಪದಕ ತಪ್ಪಿಸಿಕೊಂಡರು. ದಾತಾರರಿಗೆ ಮ್ಯಾರಥಾನ್ ಮುಗಿಸಲಾಗಲಿಲ್ಲ. ಮುಗಿಸಿದ ಭಾರತೀಯ ಚೌಗುಲೆ ಒಬ್ಬರೇ.

ಇನ್ನು ಅವರು ಬಂದು ಮುಟ್ಟಿದ ಮೈದಾನಕ್ಕೆ ಹೋಗೋಣ.

ಆಂಟ್ವರ್ಪ್ ನಗರದ ದಕ್ಷಿಣಕ್ಕೆ ಕೀಲ್ ಎಂಬ ಭಾಗವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅರ್ನೆಸ್ಟ್ ಗ್ರಿಸಾರ್ ಎಂಬ ಸಿರಿವಂತರು ಅಲ್ಲಿ ಬೇರ್‌ಸ್ಕೊಟ್ ಎಂಬ ಹಳೆಯ ಜಾಗ ಕೊಂಡರು. ಮಗ ಆಲ್ಫ್ರೆಡ್‌ಗೆ ಆಟದ ಹುಚ್ಚು. 1899ರ ಸೆಪ್ಟೆಂಬರ್ 3ರಂದು ಅಲ್ಲಿ ಬೇರ್‌ಸ್ಕೊಟ್ ಅಥ್ಲೆಟಿಕ್ ಕ್ಲಬ್ ಶುರುವಾಯಿತು. ಫುಟ್‌ಬಾಲ್ ಒಂದೇ ಅಲ್ಲ, ಹಾಕಿ, ಟೆನಿಸ್, ಓಟ, ಕುದುರೆ ಮೇಲಿನ ಪೋಲೊ ಎಲ್ಲವೂ. ಆಲ್ಫ್ರೆಡ್ ಗ್ರಿಸಾರ್ ತಾವೇ 1920ರ ಒಲಿಂಪಿಕ್ಸ್‌ನಲ್ಲಿ ಬೆಲ್ಜಿಯಂ ಪರ ಪೋಲೊ ಆಡಿದರು.

ಆ ಊರಿನಲ್ಲಿ ಅದಕ್ಕೂ ಹಿಂದಿನ ಕ್ಲಬ್ಬು ಇನ್ನೊಂದಿತ್ತು: 1880ರಲ್ಲಿ ಬಂದರಿನ ಇಂಗ್ಲಿಷರು ಕಟ್ಟಿದ ಆಂಟ್ವರ್ಪ್ ಕ್ಲಬ್. ಬೇರ್‌ಸ್ಕೊಟ್ ಹುಟ್ಟಿದ ಮರುವರ್ಷವೇ ಆ ಹಳೆಯ ಕ್ಲಬ್ಬಿನ ಬಹುಪಾಲು ಆಟಗಾರರು ಗುಂಪಾಗಿ ಹೊಸ ಕ್ಲಬ್ಬಿಗೆ ಹೋಗಿಬಿಟ್ಟರು. ಒಂದೇ ಊರಿನ ಎರಡು ಪಾರ್ಟಿಗಳ ನಡುವೆ ಅಂದು ಹತ್ತಿದ ಜಿದ್ದು ಇಂದಿಗೂ ಆರಿಲ್ಲ. ಜಿದ್ದು ಎಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಎರಡು ಓಣಿಯ ಗರಡಿಗಳ ಪೈಲ್ವಾನರು ಒಂದೇ ಕಣಕ್ಕೆ ಇಳಿದಾಗ ಹಲಗಿಯ ಸಪ್ಪಳ ಹೇಗೆ ಏರುತ್ತದೆ ಎಂಬುದು ಗೊತ್ತಿರುವವರೇ ಎಲ್ಲರೂ.

ಮೊದಲ ಮಹಾಯುದ್ಧ ಬೆಲ್ಜಿಯಂ ಅನ್ನು ನುಜ್ಜುಗುಜ್ಜು ಮಾಡಿತು. 1914ರ ಅಕ್ಟೋಬರಿನಲ್ಲಿ ಆಂಟ್ವರ್ಪ್ ಜರ್ಮನ್ನರ ವಶವಾಯಿತು. ಅದೇ ಚಳಿಗಾಲದಲ್ಲಿ ಭಾರತದ ಸೈನಿಕರು ಬೆಲ್ಜಿಯಂನ ಈಪ್ರೆ ಸುತ್ತಲಿನ ಕೆಸರಿನಲ್ಲಿ ಹೋರಾಡಿ ಸತ್ತರು. ಅವರ ಹೆಸರುಗಳು ಅಲ್ಲಿನ ಮೆನಿನ್ ದ್ವಾರದ ಕಲ್ಲಿನ ಮೇಲಿವೆ. ಯುದ್ಧ ಮುಗಿದ ಮೇಲೆ, ಅಷ್ಟು ನೋವು ಉಂಡ ದೇಶಕ್ಕೆ ಗೌರವವೆಂದು 1919ರ ಏಪ್ರಿಲ್‌ನಲ್ಲಿ ಒಲಿಂಪಿಕ್ಸ್ ಕೊಟ್ಟರು. ಉಳಿದಿದ್ದ ಸಮಯ ಹದಿನಾರು ತಿಂಗಳು. ಹಣವೂ ಇಲ್ಲ, ಸಾಮಾನೂ ಇಲ್ಲ. ಆಗ ಆಸರೆಯಾದದ್ದು ಬೇರ್‌ಸ್ಕೊಟ್ ಮೈದಾನ. ಕ್ಲಬ್ಬಿನ ಜಾಗದಲ್ಲೇ ಒಲಿಂಪಿಕ್ ಕ್ರೀಡಾಂಗಣ ಎದ್ದಿತು. ನಕ್ಷೆ ಹಾಕಿದವರು ಫೆರ್ನಾಂದ್ ದ ಮೊಂತಿನ್ಯಿ ಮತ್ತು ಲೂಯಿ ಸೋಮರ್ಸ್. ಇವರಲ್ಲಿ ಮೊಂತಿನ್ಯಿ ಸ್ವತಃ ಕತ್ತಿವರಸೆ ಮತ್ತು ಹಾಕಿಯ ಒಲಿಂಪಿಕ್ ಆಟಗಾರ.

ಆಗಸ್ಟ್ 14ರಂದು ಅಲ್ಲಿ ಉದ್ಘಾಟನೆ. ಐದು ಬಳೆಗಳ ಒಲಿಂಪಿಕ್ ಧ್ವಜ ಒಲಿಂಪಿಕ್ ಕೂಟವೊಂದರಲ್ಲಿ ಮೊದಲ ಸಲ ಹಾರಿದ್ದು ಈ ಮೈದಾನದಲ್ಲಿ. ಆಟಗಾರರ ಪರವಾಗಿ ಪ್ರತಿಜ್ಞೆ ಹೇಳುವ ಪದ್ಧತಿ ಶುರುವಾದದ್ದೂ ಇಲ್ಲೇ. ಬೆಲ್ಜಿಯಂನ ಕತ್ತಿವರಸೆಗಾರ ವಿಕ್ಟರ್ ಬುವಾನ್ ಅದನ್ನು ಹೇಳಿದರು. ನಾಲ್ಕು ವರ್ಷಕ್ಕೊಮ್ಮೆ ನಾವು ಟಿ.ವಿ.ಯಲ್ಲಿ ನೋಡುವ ಆ ಎರಡು ಕ್ಷಣಗಳ ತವರು ಈ ಫುಟ್‌ಬಾಲ್ ಕ್ಲಬ್ಬಿನ ಅಂಗಳ.

ಎಂಟು ದಿನ ಕಳೆದು ಮ್ಯಾರಥಾನ್. ಫಿನ್ಲೆಂಡಿನ ಹಾನೆಸ್ ಕೊಲೆಮೈನನ್ 2 ಗಂಟೆ 32 ನಿಮಿಷ 35 ಸೆಕೆಂಡಿಗೆ ಮೊದಲು ಬಂದರು. ಅವರ ಬೆನ್ನ ಹಿಂದೆ, ಹದಿಮೂರೇ ಸೆಕೆಂಡಿನ ಅಂತರದಲ್ಲಿ, ಎಸ್ಟೋನಿಯಾದ ಯೂರಿ ಲೊಸ್‌ಮನ್. ಮೂರನೆಯವರಾದ ಇಟಲಿಯ ವಲೇರಿಯೊ ಅರ್ರಿ ಅಷ್ಟು ದೂರ ಓಡಿ ಬಂದೂ ದಣಿವಿಲ್ಲದೆ ಮೈದಾನದಲ್ಲಿ ಲಾಗ ಹಾಕಿದರು. ಆತಿಥೇಯ ಬೆಲ್ಜಿಯಂನ ಆಗಸ್ಟ್ ಬ್ರೂಸ್ ನಾಲ್ಕನೆಯವರು. ಗೆದ್ದವರಿಗೂ ಚೌಗುಲೆಯವರಿಗೂ ನಡುವೆ ಹದಿನೆಂಟು ನಿಮಿಷದ ಅಂತರ. ಕೊಲೆಮೈನನ್ ಆಗಲೇ 1912ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ ಜಗತ್ಪ್ರಸಿದ್ಧ ಓಟಗಾರ. ಹಡಗಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ, ಪರದೇಶದ ಚಳಿಗೆ, ಊಟಕ್ಕೆ ಒಗ್ಗಿಕೊಂಡು ಮೊದಲ ಸಲವೇ ಅಂಥ ಕಣಕ್ಕಿಳಿದ ಬೆಳಗಾವಿಯ ತರುಣನಿಗೆ 19ನೆಯ ಸ್ಥಾನ ಸಣ್ಣದಲ್ಲ. ಪದಕದ ಲೆಕ್ಕವೊಂದನ್ನೇ ಇಟ್ಟುಕೊಳ್ಳುವ ನಮ್ಮ ರೂಢಿಯಿಂದಾಗಿ ಇಂಥ ಸಾಧನೆಗಳು ಪಠ್ಯಪುಸ್ತಕಕ್ಕೆ ಬರಲೇ ಇಲ್ಲ.

ಸೆಪ್ಟೆಂಬರ್ 2ರಂದು ಅದೇ ಮೈದಾನದಲ್ಲಿ ಫುಟ್‌ಬಾಲ್ ಫೈನಲ್. ಬೆಲ್ಜಿಯಂಗೆ ಎದುರಾಳಿ ಚೆಕೊಸ್ಲೊವಾಕಿಯಾ. ಆರನೇ ನಿಮಿಷದಲ್ಲಿ ರೊಬೆರ್ ಕೊಪ್ಪೆ ಪೆನಾಲ್ಟಿಯಿಂದ ಗೋಲು ಹೊಡೆದರು. ಅರ್ಧ ಗಂಟೆಗೆ ಎರಡನೇ ಗೋಲು. ಅದನ್ನು ಹೊಡೆದ ಹೆನ್ರಿ ಲಾರ್ನೂ ಬೇರ್‌ಸ್ಕೊಟ್ ಕ್ಲಬ್ಬಿನದೇ ಹುಡುಗ, ತನ್ನ ಮನೆಯ ಅಂಗಳದಲ್ಲೇ ಹೊಡೆದ ಗೋಲು ಅದು. ರೆಫರಿ ಇಂಗ್ಲೆಂಡಿನ ಜಾನ್ ಲೂಯಿಸ್, ವಯಸ್ಸು ಅರವತ್ತು ದಾಟಿದವರು. ಅವರ ತೀರ್ಪುಗಳು ಚೆಕ್ ಆಟಗಾರರಿಗೆ ಹಿಡಿಸಲಿಲ್ಲ. ಮೈದಾನದ ಸುತ್ತ ಬೆಲ್ಜಿಯಂ ಸೈನಿಕರು ನಿಂತದ್ದೂ ಅವರನ್ನು ಕೆರಳಿಸಿತು. ನಲವತ್ತನೇ ನಿಮಿಷದ ಹೊತ್ತಿಗೆ ತಮ್ಮ ಆಟಗಾರ ಸ್ಟೈನರ್ ಅವರನ್ನು ಹೊರಗೆ ಹಾಕಿದ್ದೇ ನೆಪವಾಗಿ ಇಡೀ ತಂಡ ಆಟ ಬಿಟ್ಟು ನಡೆಯಿತು. ಬೆಲ್ಜಿಯಂಗೆ ಚಿನ್ನ. ಫೈನಲ್ ಆಡಿದ ಚೆಕ್ ತಂಡ ಅನರ್ಹವಾಗಿ ಬೆಳ್ಳಿ ಸ್ಪೇನಿಗೆ ಹೋಯಿತು.

ಒಲಿಂಪಿಕ್ಸ್ ಮುಗಿದ ಮೇಲೆ ಮೈದಾನ ಬೇರ್‌ಸ್ಕೊಟ್‌ಗೆ ಉಳಿಯಿತು, ಕ್ಲಬ್ಬಿನ ಒಳ್ಳೆಯ ಕಾಲವೂ ಬಂತು. 1922ರಲ್ಲಿ ಮೊದಲ ಚಾಂಪಿಯನ್ ಪಟ್ಟ. ಆಮೇಲೆ 1924, 1925, 1926ರಲ್ಲಿ ಸತತ ಮೂರು, 1928ರಲ್ಲಿ ಮತ್ತೊಂದು. ಏಳು ವರ್ಷದಲ್ಲಿ ಐದು ಪಟ್ಟ. ನೇರಳೆ-ಬಿಳಿ ಬಣ್ಣದ ಅಂಗಿಗೆ ಇಡೀ ದೇಶದಲ್ಲಿ ಮರ್ಯಾದೆ.

ಆ ತಂಡದ ಕಣ್ಮಣಿ ರೇಮಂಡ್ ಬ್ರೇನ್. ಗೋಲಿನ ಮುಂದೆ ಅವರಂಥ ಆಟಗಾರ ಆ ಕಾಲದ ಬೆಲ್ಜಿಯಂನಲ್ಲಿ ಇನ್ನೊಬ್ಬನಿರಲಿಲ್ಲ. ಆಗ ಅಲ್ಲಿ ಫುಟ್‌ಬಾಲ್ ಆಡಿ ಹಣ ಪಡೆಯುವಂತಿರಲಿಲ್ಲ. ಕ್ಲಬ್ಬುಗಳು ಒಳ್ಳೆಯ ಆಟಗಾರನಿಗೆ ಒಂದು ಕಾಫಿ-ಬಿಯರ್ ಅಂಗಡಿ ಹಾಕಿಸಿಕೊಟ್ಟು ಕಳ್ಳದಾರಿಯಲ್ಲಿ ಸಂಬಳ ಕೊಡುತ್ತಿದ್ದವು. ಇದನ್ನು ತಡೆಯಲು, ಆಟಗಾರ ಕೆಫೆ ನಡೆಸಬಾರದು ಎಂದು ಫೆಡರೇಶನ್ ನಿಯಮ ಮಾಡಿತು. ಬ್ರೇನ್ ಕೆಫೆ ತೆರೆದರು. ಫೆಡರೇಶನ್ ಅವರನ್ನು ಆಟದಿಂದ ಹೊರಗಿಟ್ಟಿತು. 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್ ನಡೆದಾಗ ಬೆಲ್ಜಿಯಂ ತಂಡದ ನಾಯಕ ಅವರ ಅಣ್ಣ ಪಿಯೆರ್ ಬ್ರೇನ್, ಅವರೂ ಬೇರ್‌ಸ್ಕೊಟ್‌ನವರೇ. ತಮ್ಮ ಮಾತ್ರ ತಂಡದಲ್ಲಿಲ್ಲ. ಬೆಲ್ಜಿಯಂ ಆಡಿದ ಎರಡೂ ಪಂದ್ಯಗಳಲ್ಲಿ ಒಂದು ಗೋಲೂ ಹೊಡೆಯದೆ ಸೋತು ಮರಳಿತು. ರೇಮಂಡ್ ಬ್ರೇನ್ ದುಡ್ಡು ಕೊಟ್ಟು ಆಡಿಸುವ ದೇಶಕ್ಕೆ, ಪ್ರಾಗ್ ನಗರದ ಸ್ಪಾರ್ಟಾ ಕ್ಲಬ್ಬಿಗೆ ಹೋಗಿ ಆರು ವರ್ಷ ಮಿಂಚಿದರು. 1936ರಲ್ಲಿ ಊರಿಗೆ ಮರಳಿ ಮತ್ತೆ ನೇರಳೆ ಅಂಗಿ ತೊಟ್ಟರು. 1938 ಮತ್ತು 1939ರಲ್ಲಿ ಬೇರ್‌ಸ್ಕೊಟ್ ಮತ್ತೆ ಚಾಂಪಿಯನ್.

ಈ ಪ್ರಸಂಗದಲ್ಲಿ ನನ್ನ ಒಲವು ಪೂರ್ತಿ ಬ್ರೇನ್ ಕಡೆಗೆ. ಆಟವನ್ನೇ ನಂಬಿದವನು ಹೊಟ್ಟೆಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅಂದಿನ ಬೆಲ್ಜಿಯಂನ ದೊಡ್ಡವರ ಬಳಿ ಉತ್ತರ ಇರಲಿಲ್ಲ. ಅದೇ ಕಾಲದ ನಮ್ಮ ಸೀಮೆಯಲ್ಲಿ ಪೈಲ್ವಾನರಿಗೆ ಸಂಸ್ಥಾನಗಳ ಆಸರೆ ಇತ್ತು. ಕೊಲ್ಲಾಪುರದ ಶಾಹು ಮಹಾರಾಜರು ಕುಸ್ತಿಗೆಂದೇ ಖಾಸಬಾಗ ಮೈದಾನ ಕಟ್ಟಿಸಿದರು, ತಾಲೀಮುಗಳಲ್ಲಿ ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಒದಗಿಸಿದರು. ಆಟಗಾರನಿಗೆ ಉಣ್ಣಲು ಕೊಡುವುದನ್ನು ಅಲ್ಲಿ ಯಾರೂ ತಪ್ಪೆಂದು ತಿಳಿಯಲಿಲ್ಲ. ಸಂಸ್ಥಾನಗಳು ಹೋದವು, ಆಸರೆಯೂ ಹೋಯಿತು. ಇವತ್ತು ಜಿಲ್ಲಾ ಮಟ್ಟದಲ್ಲಿ ಗೆದ್ದ ಹುಡುಗ ಕುಸ್ತಿ ಬಿಟ್ಟು ಗೌಂಡಿ ಕೆಲಸಕ್ಕೆ ಗೋವೆಗೆ ಹೋದರೆ ಅವನನ್ನು ದೂರುವ ಹಕ್ಕು ನಮಗಿಲ್ಲ.

ಎರಡನೇ ಮಹಾಯುದ್ಧದ ಬಳಿಕ ಬೇರ್‌ಸ್ಕೊಟ್ ಮತ್ತೆ ಚಾಂಪಿಯನ್ ಆಗಲಿಲ್ಲ. ಆದರೂ ಆ ಕಾಲದ ಒಬ್ಬ ಆಟಗಾರನನ್ನು ಬಿಟ್ಟು ಮುಂದೆ ಹೋಗಲಾಗದು. ರಿಕ್ ಕೊಪೆನ್ಸ್, ಬೆಲ್ಜಿಯಂನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ‘ಚಿನ್ನದ ಬೂಟು’ 1954ರಲ್ಲಿ ಶುರುವಾದಾಗ ಅದನ್ನು ಮೊದಲು ಪಡೆದವರು. 1957ರ ಜೂನ್ 5ರಂದು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಐಸ್‌ಲೆಂಡ್ ವಿರುದ್ಧ ಬೆಲ್ಜಿಯಂಗೆ ಪೆನಾಲ್ಟಿ ಸಿಕ್ಕಿತು. ಕೊಪೆನ್ಸ್ ಚೆಂಡಿನ ಮುಂದೆ ನಿಂತರು. ಗೋಲಿ ಮೈ ಬಿಗಿಹಿಡಿದು ಕಾದ. ಕೊಪೆನ್ಸ್ ಗೋಲಿಗೆ ಹೊಡೆಯಲೇ ಇಲ್ಲ. ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ಹಿಂದಿನಿಂದ ಓಡಿ ಬಂದ ಆಂದ್ರೆ ಪಿಟರ್ಸ್ ಅದನ್ನು ಮತ್ತೆ ಕೊಪೆನ್ಸ್‌ಗೆ ಕೊಟ್ಟರು. ಗೋಲಿ ಪಿಟರ್ಸ್ ಕಡೆಗೆ ನುಗ್ಗಿದ್ದ, ಕೊಪೆನ್ಸ್ ಮುಂದೆ ಗೋಲು ಖಾಲಿ. ಈ ಉಪಾಯವನ್ನು 1982ರಲ್ಲಿ ಡಚ್ ಆಟಗಾರ ಯೊಹಾನ್ ಕ್ರೈಫ್ ಮಾಡಿದಾಗ ಜಗತ್ತು ಹೌಹಾರಿತು; ಕಾಲು ಶತಮಾನದ ಹಿಂದೆಯೇ ಬೇರ್‌ಸ್ಕೊಟ್‌ನ ಹುಡುಗ ಮಾಡಿ ತೋರಿಸಿದ್ದು ಅದು. ಆ ಪಂದ್ಯದಲ್ಲಿ ಬೆಲ್ಜಿಯಂ 8-3ರಿಂದ ಗೆದ್ದಿತು.

1971 ಮತ್ತು 1979ರಲ್ಲಿ ಬೇರ್‌ಸ್ಕೊಟ್ ಬೆಲ್ಜಿಯನ್ ಕಪ್ ಗೆದ್ದಿತು. ಅಲ್ಲಿಂದ ಮುಂದೆ ಇಳಿಜಾರು. ಸಾಲ ಬೆಳೆಯಿತು. 1991ರಲ್ಲಿ ಹಣಕಾಸಿನ ಅವ್ಯವಸ್ಥೆಯಿಂದಾಗಿ ಕ್ಲಬ್ಬು ಮೂರನೇ ದರ್ಜೆಗೆ ಬಿತ್ತು. ಅಲ್ಲಿ ಎಂಟು ವರ್ಷ ಉಸಿರು ಹಿಡಿದುಕೊಂಡಿತ್ತು, ಅಷ್ಟೆ.

ಇಲ್ಲಿ ಬೆಲ್ಜಿಯಂನ ಒಂದು ಪದ್ಧತಿಯನ್ನು ತಿಳಿದುಕೊಳ್ಳಬೇಕು. ಅಲ್ಲಿನ ಫೆಡರೇಶನ್ 1926ರಲ್ಲಿ ದೇಶದ ಎಲ್ಲ ಫುಟ್‌ಬಾಲ್ ಕ್ಲಬ್ಬುಗಳಿಗೆ ಸೇರ್ಪಡೆಯ ಹಿರಿತನ ನೋಡಿ ಒಂದೊಂದು ನಂಬರು ಕೊಟ್ಟಿತು. ಆಂಟ್ವರ್ಪ್ ಕ್ಲಬ್ಬಿಗೆ ಒಂದನೇ ನಂಬರು. ಬೇರ್‌ಸ್ಕೊಟ್‌ಗೆ 13. ಈ ನಂಬರು ನಮ್ಮ ಹೊಲದ ಉತಾರದಲ್ಲಿರುವ ಸರ್ವೆ ನಂಬರಿನ ಹಾಗೆ. ಮಾಲೀಕ ಬದಲಾಗಬಹುದು, ಬೆಳೆ ಬದಲಾಗಬಹುದು, ಜನ ಆ ಹೊಲಕ್ಕೆ ಬೇರೆ ಹೆಸರು ಇಟ್ಟುಕೊಳ್ಳಬಹುದು. ಕಾಗದದಲ್ಲಿ ಅದನ್ನು ಗುರುತಿಸುವುದು ನಂಬರು. ಪಟ್ಟಗಳು, ಕಪ್ಪುಗಳು, ದಾಖಲೆಗಳು ಎಲ್ಲ ಆ ನಂಬರಿನ ಖಾತೆಗೆ. ಕ್ಲಬ್ಬು ದಿವಾಳಿಯಾದರೆ ನಂಬರು ರದ್ದು. ಅದೇ ಹೆಸರಿನಲ್ಲಿ, ಅದೇ ಬಣ್ಣದಲ್ಲಿ, ಅದೇ ಮೈದಾನದಲ್ಲಿ ಮರುದಿನ ಇನ್ನೊಂದು ತಂಡ ಆಡಿದರೂ ಕಾಗದದ ಪ್ರಕಾರ ಅದು ಬೇರೆ ಕ್ಲಬ್ಬು.

ಬೇರ್‌ಸ್ಕೊಟ್‌ಗೆ ಆದದ್ದು ಹೀಗೆಯೇ. 1999ರಲ್ಲಿ 13ನೇ ನಂಬರಿನ ಕ್ಲಬ್ಬನ್ನು ವಿಸರ್ಜಿಸಿದರು. ನಗರದ ಉತ್ತರ ಭಾಗದ ಎಕೆರೆನ್‌ನಲ್ಲಿ ಜೆರ್ಮಿನಾಲ್ ಎಂಬ ಕ್ಲಬ್ಬು ಇತ್ತು, 1997ರಲ್ಲಷ್ಟೇ ಬೆಲ್ಜಿಯನ್ ಕಪ್ ಗೆದ್ದಿದ್ದ ಗಟ್ಟಿ ತಂಡ. ಅದು ಕೀಲ್ ಮೈದಾನಕ್ಕೆ ಬಂದು ‘ಜೆರ್ಮಿನಾಲ್ ಬೇರ್‌ಸ್ಕೊಟ್’ ಆಯಿತು. ನಂಬರು ಎಕೆರೆನ್‌ದು, ಮೈದಾನ ಮತ್ತು ಅಭಿಮಾನಿಗಳು ಬೇರ್‌ಸ್ಕೊಟ್‌ದು. ಈ ಜೋಡು ಹೆಸರಿನ ಕ್ಲಬ್ಬು 2005ರಲ್ಲಿ ಕಪ್ ಗೆದ್ದಿತು. ಯುರೋಪ್ ಮೆಚ್ಚಿದ ವರ್ಮಾಲೆನ್, ವರ್ಟೊಂಗೆನ್, ಆಲ್ಡರ್‌ವೈರೆಲ್ಡ್ ಮೂವರೂ ಹುಡುಗರಾಗಿ ಬೆಳೆದದ್ದು ಇಲ್ಲಿ. 2013ರ ಮೇ ತಿಂಗಳಲ್ಲಿ ಅದೂ ದಿವಾಳಿ.

ಎರಡನೇ ಸಲ ಕ್ಲಬ್ಬು ಕಳೆದುಕೊಂಡ ಅಭಿಮಾನಿಗಳು ಮನೆಯಲ್ಲಿ ಕೂರಲಿಲ್ಲ. ಪಕ್ಕದ ವಿಲ್ರೈಕ್ ಬಡಾವಣೆಯ ಒಂದು ಸಣ್ಣ ಕ್ಲಬ್ಬಿನ ಜತೆ ಸೇರಿ, ಬೇರ್‌ಸ್ಕೊಟ್ ಹೆಸರನ್ನು ಅದಕ್ಕೆ ಸೇರಿಸಿ, ಪ್ರಾಂತೀಯ ಮಟ್ಟದಿಂದ ಮತ್ತೆ ಮೊದಲ ಮೆಟ್ಟಿಲು ಹತ್ತಿದರು. ನಮ್ಮ ಲೆಕ್ಕದಲ್ಲಿ ಜಿಲ್ಲಾ ಲೀಗ್ ಎನ್ನಬಹುದಾದ ಪಂದ್ಯಗಳಿಗೆ ಅಲ್ಲಿ ಸಾವಿರಾರು ಜನ ನೇರಳೆ ಶಾಲು ಹೊದ್ದು ಬರುತ್ತಿದ್ದರು. 2020ರಲ್ಲಿ, ಒಲಿಂಪಿಕ್ಸ್‌ಗೆ ನೂರು ತುಂಬಿದ ವರ್ಷವೇ, ಆ ತಂಡ ದೇಶದ ಅಗ್ರ ಲೀಗಿಗೆ ಏರಿತು. ಆಡುವುದು ಇಂದಿಗೂ ಕೀಲ್‌ನ ಆ ಹಳೆಯ ಒಲಿಂಪಿಕ್ ಮೈದಾನದಲ್ಲೇ. ಹೆಸರನ್ನು ಜನ ಉಳಿಸಿಕೊಂಡರು. ಆದರೆ 1899ರ ಕ್ಲಬ್ಬು ಚರಿತ್ರೆ ಸೇರಿತು ಎಂಬುದನ್ನೂ ಅಲ್ಲಿ ಮುಚ್ಚಿಟ್ಟಿಲ್ಲ. ಯಾವುದು ಎಂದು ಹುಟ್ಟಿತು, ಎಂದು ಮುಗಿಯಿತು, ಯಾವುದರ ಜತೆ ಸೇರಿತು ಎಂಬುದು ದಿನಾಂಕ ಸಮೇತ ದಾಖಲಾಗಿದೆ. ನಾನು ಮೆಚ್ಚುವುದು ಈ ಪ್ರಾಮಾಣಿಕತೆಯನ್ನು.

ನಮ್ಮ ರಾಜ್ಯದ ಫುಟ್‌ಬಾಲ್‌ಗೂ ಇಂಥ ಚರಿತ್ರೆಯಿದೆ. ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ದಶಕಗಳ ಕಾಲ ಅದನ್ನು ಗೆದ್ದದ್ದು ಬ್ರಿಟಿಷ್ ಸೈನ್ಯದ ತಂಡಗಳೇ. 1937ರಲ್ಲಿ ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರಿನ ಬ್ಯಾಂಗಲೂರ್ ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಘಟಾನುಘಟಿ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಮತ್ತೆ ಗೆಲುವು. 1948ರಲ್ಲಿ ಮೋಹನ್ ಬಗಾನ್ ಮೇಲೆ ಮೂರನೇ ಗೆಲುವು. ಲಂಡನ್ ಮತ್ತು ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಆ ತಂಡದ ಅಂಗಿ ತೊಟ್ಟವರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಹೊಡೆದ ಎಸ್. ರಾಮನ್ ಮೈಸೂರು ರಾಜ್ಯದ ಆಟಗಾರ. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ಬಂದವು, ಹಿಂದೆ ಸರಿದವು. ರೋವರ್ಸ್ ಕಪ್ಪೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದ್ದ ಸಂತೋಷ್ ಟ್ರೋಫಿ 1968ರ ನಂತರ ಕರ್ನಾಟಕಕ್ಕೆ ಮರಳಿ ಬಂದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಬೆಂಗಳೂರಿನ ಕ್ಲಬ್ಬುಗಳ ಬಗ್ಗೆ ಇಷ್ಟಾದರೂ ಹೇಳಬಹುದು, ಏಕೆಂದರೆ ಕಪ್ಪಿನ ಮೇಲೆ ಹೆಸರು ಕೊರೆದಿದೆ, ಪತ್ರಿಕೆಯಲ್ಲಿ ವರದಿ ಬಂದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳ ಗರಡಿಗಳ ಬಗ್ಗೆ, ತರುಣ ಮಂಡಳಗಳ ಬಗ್ಗೆ, ಕಬಡ್ಡಿ, ಖೋಖೋ, ವಾಲಿಬಾಲ್ ತಂಡಗಳ ಬಗ್ಗೆ ಏನು ಹೇಳೋಣ? ಆಟವೇನೂ ಕಡಿಮೆ ಇರಲಿಲ್ಲ, ಈಗಲೂ ಕಡಿಮೆ ಇಲ್ಲ. ಗರಡಿಯ ಒಳಗೆ ಹೋಗಿ ನೋಡಿ. ತಗ್ಗಿನ ಬಾಗಿಲು, ಎದುರಿಗೆ ಹಣಮಪ್ಪನ ಚಿತ್ರ, ಮೂಲೆಯಲ್ಲಿ ಗದೆ, ಕರಲಾಕಟ್ಟಿಗೆ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಕಾಲಿಟ್ಟರೆ ತಂಪು. ಆ ಮಣ್ಣನ್ನು ಹದ ಮಾಡುವ ಕ್ರಮವನ್ನು ಒಬ್ಬ ವಸ್ತಾದ ಇನ್ನೊಬ್ಬನಿಗೆ ಕಲಿಸಿದ್ದಾನೆ, ಅವನು ಮತ್ತೊಬ್ಬನಿಗೆ. ಆದರೆ ಆ ವಸ್ತಾದರ ಹೆಸರಿನ ಪಟ್ಟಿ ಗೋಡೆಯ ಮೇಲೆ ಇರುವುದು ಅಪರೂಪ. ಜಾತ್ರೆಯ ದಿನ ‘ಜಂಗಿ ನಿಕಾಲಿ ಕುಸ್ತಿಗಳು’ ಎಂದು ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಮೊದಲ ಜೋಡಿ, ಎರಡನೇ ಜೋಡಿ ಎಂದು ಪೈಲ್ವಾನರ ಹೆಸರು, ಊರು, ಬಹುಮಾನದ ಮೊತ್ತ ಎಲ್ಲ ಅಚ್ಚಾಗಿರುತ್ತದೆ. ಆ ಪೋಸ್ಟರು ಮುಂದಿನ ಮಳೆಗೆ ಹರಿದುಹೋಗುತ್ತದೆ. ಬೆಳ್ಳಿ ಕಡಗ ಗೆದ್ದವನ ಮೊಮ್ಮಗನಿಗೆ ಕಡಗ ಗೊತ್ತು, ಗೆದ್ದ ವರ್ಷ ಗೊತ್ತಿಲ್ಲ.

ಊರ ಹಿರಿಯರ ನೆನಪು ಒಳ್ಳೆಯ ಆಧಾರವೇ. ಆದರೆ ನೆನಪಿಗೆ ಒಂದು ಆಯುಷ್ಯವಿದೆ. ಎಪ್ಪತ್ತು ದಾಟಿದ ಪೈಲ್ವಾನರು ಇನ್ನೂ ನಮ್ಮ ನಡುವೆ ಕಟ್ಟೆಯ ಮೇಲೆ ಕೂತಿದ್ದಾರೆ. ಅವರನ್ನು ಕೇಳುವ ಕೆಲಸ ಈ ವರ್ಷ ಆಗಬೇಕು, ಮುಂದಿನ ವರ್ಷಕ್ಕೆ ಬಿಡುವಂಥದ್ದಲ್ಲ. ಚೌಗುಲೆಯವರ 19ನೇ ಸ್ಥಾನ ನಮಗೆ ಇಂದು ಸೆಕೆಂಡಿನ ಲೆಕ್ಕದಲ್ಲಿ ಸಿಗುವುದು ಆಂಟ್ವರ್ಪ್‌ನಲ್ಲಿ ಗಡಿಯಾರ ಹಿಡಿದು ನಿಂತವರು ಅದನ್ನು ಬರೆದುಕೊಂಡದ್ದರಿಂದ. ಅವರಿಗೆ ಚೌಗುಲೆ ಯಾರೆಂದೇ ಗೊತ್ತಿರಲಿಲ್ಲ. ಗೆದ್ದವರ ಹೆಸರು ಮಾತ್ರ ಬರೆದು ಸುಮ್ಮನಾಗಿದ್ದರೆ ಬೆಳಗಾವಿಗೆ ಆ ದಿನವೇ ಇರುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ ಗೆದ್ದ ಶೀಲ್ಡು, ತಂಡದ ಗ್ರೂಪ್ ಫೋಟೊ, ಹಳೆಯ ಜಾತ್ರೆಯ ಕರಪತ್ರ, ತರುಣ ಮಂಡಳದ ಪಾವತಿ ಪುಸ್ತಕ ಇದ್ದರೆ ಹೊರಗೆ ತೆಗೆಯಿರಿ. ಫೋಟೊದಲ್ಲಿ ನಿಂತವರು ಯಾರು, ಕೂತವರು ಯಾರು ಎಂದು ಬಲ್ಲವರನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಊರು, ವರ್ಷ, ಗರಡಿಯ ಹೆಸರು, ವಸ್ತಾದರ ಹೆಸರು, ಎದುರಾಳಿಯ ಹೆಸರು, ಇಷ್ಟು ಸಾಕು. ಅದರ ಒಂದು ಪ್ರತಿಯನ್ನು ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ತನ್ನ ವಿದ್ಯಾರ್ಥಿಗಳನ್ನು ಈ ನಾಲ್ಕು ತಾಲ್ಲೂಕುಗಳ ಗರಡಿಗಳಿಗೆ ಒಂದು ಬೇಸಿಗೆ ಕಳಿಸಲಿ. ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಆಟೋಟಗಳಿಗೂ ಒಂದು ಗೋಡೆ ಸಿಗಲಿ, ಅದರಲ್ಲಿ ಫಡೆಪ್ಪ ದರೆಪ್ಪ ಚೌಗುಲೆ ಅವರ ಹೆಸರು ಮೊದಲು ಬರಲಿ.